ಬಲ್ಬು ಹಾಕಲು ಕಲಿಸಿದ ಮೇಷ್ಟ್ರು

ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನನ್ನ ಎಡಗೈ ಭುಜದವರೆಗೂ ಒಂದು ಹಸುವಿನ ಒಳಗಿತ್ತು. ದೊಡ್ಡಬೆಳವಂಗಲದ ಹತ್ತಿರದ ಒಂದು ಹಳ್ಳಿ. ಹಸು ಗಬ್ಬವಾಗಿದೆಯೋ ಇಲ್ಲವೋ ನೋಡಿ ಎಂದು ಕರೆಸಿದ್ದ ರೈತ ಅದರ ಮೂಗುದಾರ ಹಿಡಿದುಕೊಂಡು ಊರ ಸುದ್ದಿಯನ್ನೆಲ್ಲ ಹೇಳುತ್ತಿದ್ದ. ಯಾರದೋ ಜಮೀನು ಲೇಔಟ್ ಆಗುತ್ತಿರುವ ಕಥೆಯ ನಡುವೆ, ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ನಿಂತು, “ಕಾರು ಕಲಿಸ್ತಿದ್ರಲ್ಲ ಮೇಷ್ಟ್ರು, ನಿಮಗೂ ಅವರೇ ಅಲ್ವಾ ಕಲ್ಸಿದ್ದು, ಮೊನ್ನೆ ಹೋಗ್ಬಿಟ್ರಂತೆ” ಅಂದ.

ಮೂರು ತಿಂಗಳ ಗಬ್ಬ ಎಂದು ಅವನಿಗೆ ಹೇಳಿ ಕೈ ಹೊರಗೆ ತೆಗೆದೆ. ಬಕೆಟ್ಟಿನ ನೀರಿನಲ್ಲಿ ಸೋಪು ಹಾಕಿ ಉಜ್ಜಿಕೊಳ್ಳುವಾಗ ನನಗೆ ಬಂದದ್ದು ಸಿಟ್ಟು. ಏಳು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದ ಮನುಷ್ಯ. ಇವತ್ತಲ್ಲ ನಾಳೆ ಮಾತಾಡಿಸಿಯೇ ತೀರುತ್ತೇನೆ ಎಂದು ನಾನು ಅಂದುಕೊಂಡಿದ್ದರೆ, ಆ ದಾರಿಯನ್ನೂ ಮುಚ್ಚಿಕೊಂಡು ಹೋಗಿಬಿಟ್ಟಿದ್ದರು. ಅವರಿಂದ ನಾನು ಪಟ್ಟ ತಾಪತ್ರಯಗಳ ಪಟ್ಟಿಗೆ ಇದೂ ಒಂದು ಸೇರಿತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ದೊಡ್ಡಬಳ್ಳಾಪುರದಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡೂ ಇಲ್ಲ. ನೇಕಾರರ ಬೀದಿಯಲ್ಲಿ ಹುಟ್ಟಿ, ಮಗ್ಗದ ಸದ್ದು ತಲೆಗೆ ಹಿಡಿಸದೆ, ಇಪ್ಪತ್ತಕ್ಕೇ ಲಾರಿ ಹತ್ತಿದವರು. ಮೂವತ್ತು ವರ್ಷ ಲಾರಿ ಓಡಿಸಿ, ಸೊಂಟ ಕೈಕೊಟ್ಟ ಮೇಲೆ ಊರಿಗೆ ಮರಳಿ, ಒಂದು ಹಳೆಯ ಸಣ್ಣ ಕಾರು ಇಟ್ಟುಕೊಂಡು ಡ್ರೈವಿಂಗ್ ಸ್ಕೂಲು ತೆರೆದರು. ಮನೆಯ ಮುಂದಿನ ಕೋಣೆಯಲ್ಲಿ ಅವರ ಹೆಂಡತಿ ಎರಡು ಪವರ್‌ಲೂಮ್ ನಡೆಸುತ್ತಿದ್ದರು. ಅದರ ಪಕ್ಕದ ಗೋಡೆಗೆ ಸ್ಕೂಲಿನ ಬೋರ್ಡು. ಮಗ್ಗ ಓಡುತ್ತಿರುವಾಗ ಆ ಬೋರ್ಡೂ ಸಣ್ಣಗೆ ನಡುಗುತ್ತಿತ್ತು. ಬೇಸಿಗೆಯಲ್ಲೂ ಮೇಷ್ಟ್ರು ಬೂದು ಬಣ್ಣದ ಒಂದು ಸ್ವೆಟರು ತೊಡುತ್ತಿದ್ದರು. ಚಳಿಗೆ ಅಂತ ಅಲ್ಲ, ಅದಕ್ಕೆ ದೊಡ್ಡ ದೊಡ್ಡ ಜೇಬುಗಳಿದ್ದವು ಅಂತ. ಒಂದು ಜೇಬಿನಲ್ಲಿ ಬಟ್ಟೆಯಲ್ಲಿ ಸುತ್ತಿದ ಬಲ್ಬುಗಳು, ಇನ್ನೊಂದರಲ್ಲಿ ಉಪ್ಪುಕಾಗದದ ತುಂಡು ಮತ್ತು ಲವಂಗ.

ನಾನು ದನದ ಡಾಕ್ಟರು. ದೊಡ್ಡಬೆಳವಂಗಲದ ಕಡೆಗೆ ನನ್ನನ್ನು ಹಾಕಿದಾಗ ಮೂವತ್ತಾರು ವಯಸ್ಸು. ಬಸ್ಸಿನಲ್ಲಿ ಹೋಗಿ, ಅಲ್ಲಿಂದ ರೈತರ ಬೈಕುಗಳ ಹಿಂದೆ ಕೂತು, ಒಂದು ಕೈಯಲ್ಲಿ ಔಷಧದ ಪೆಟ್ಟಿಗೆ ಹಿಡಿದುಕೊಂಡು ಸಾಕಾಗಿ ಹೋಗಿತ್ತು. ಸಹೋದ್ಯೋಗಿಯೊಬ್ಬರು ಮಾರುತ್ತಿದ್ದ ಕಾರನ್ನು ಧೈರ್ಯ ಮಾಡಿ ಕೊಂಡೆ. ನಾನೇ ಕಲಿಸುತ್ತೇನೆ ಎಂದು ನಮ್ಮ ಯಜಮಾನರು ಮುಂದೆ ಬಂದರು. ಎರಡನೇ ದಿನಕ್ಕೆ ನಾವಿಬ್ಬರೂ ಮಾತಾಡುವುದು ನಿಂತಿತು. ಮೂರನೇ ದಿನ ನಾನು ಮೇಷ್ಟ್ರ ಮನೆ ಬಾಗಿಲಿಗೆ ಹೋದೆ.

ಬೆಳಿಗ್ಗೆ ಆರಕ್ಕೆ ಬರಲು ಹೇಳಿದರು. ಹೋದೆ. ಮೇಷ್ಟ್ರು ಆಗಲೇ ಕಾರಿನ ಎಡಗಡೆ ಸೀಟಿನಲ್ಲಿ ಕೂತಿದ್ದರು. ಕಲಿಸುವವರ ಕಾರು ಆದ್ದರಿಂದ ಅವರ ಕಾಲ ಬಳಿಯೂ ಒಂದು ಬ್ರೇಕು, ಒಂದು ಕ್ಲಚ್ಚು. ಕೆಂಪು ತ್ರಿಕೋನದ ಗುಂಡಿ ಒತ್ತಿ, “ಒಂದು ಸುತ್ತು ಹೋಗಿ ನೋಡ್ಕೊಂಡ್ ಬನ್ನಿ ಡಾಕ್ಟ್ರಮ್ಮ, ನಾಲ್ಕೂ ಉರೀತಾ ಇದ್ಯಾ?” ಅಂದರು. ಮುಂದೆ ಎರಡು, ಹಿಂದೆ ಎರಡು. ಗಾಡಿ ಕೆಟ್ಟು ನಿಂತಾಗ ಹಾಕುವ, ನಾವೆಲ್ಲ ಡಬಲ್ ಇಂಡಿಕೇಟರ್ ಎನ್ನುವ, ಮಿನುಗುವ ಹಳದಿ ದೀಪಗಳು. ಸುತ್ತಿ ಬಂದು ಮೂರು ಉರಿಯುತ್ತಿವೆ, ಹಿಂದಿನ ಎಡಗಡೆಯದು ಇಲ್ಲ ಅಂದೆ. ಅವರು ಜೇಬಿನಿಂದ ಒಂದು ಬಲ್ಬು ತೆಗೆದು ನನ್ನ ಅಂಗೈಯಲ್ಲಿಟ್ಟರು.

“ಹಾಕಿ.”

ಹಾಕಲು ನನಗೆ ಬರುವುದಿಲ್ಲ ಅಂದೆ. ಅದಕ್ಕೇ ತಾನೇ ಕಲಿಯೋಕೆ ಬಂದಿರೋದು ಅಂದರು. ಡಿಕ್ಕಿ ತೆಗೆಸಿ, ಒಳಗಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿಸಿ, ಹೋಲ್ಡರನ್ನು ತಿರುಗಿಸಿ ಹೊರಗೆಳೆಸಿದರು. ಬಲ್ಬನ್ನು ಒತ್ತಬೇಕು, ಒತ್ತಿಕೊಂಡೇ ಎಡಕ್ಕೆ ತಿರುಗಿಸಬೇಕು, ಆಮೇಲೆ ಬಿಡಬೇಕು. ತಾನಾಗಿ ಕೈಗೆ ಬರುತ್ತದೆ. ಹೋಲ್ಡರಿನೊಳಗೆ ಹಸಿರು ಹಿಡಿದಿದ್ದರೆ ಉಪ್ಪುಕಾಗದದಲ್ಲಿ ತಿಕ್ಕಬೇಕು, ಇಲ್ಲವಾದರೆ ಹೊಸ ಬಲ್ಬೂ ಉರಿಯುವುದಿಲ್ಲ. ಇಷ್ಟು ಆಗುವ ಹೊತ್ತಿಗೆ ನನ್ನ ಅರ್ಧ ಗಂಟೆ ಮುಗಿದಿತ್ತು. ನಾಳೆ ಬನ್ನಿ ಅಂದರು.

ಮಾರನೆಯ ದಿನವೂ ಅದೇ. ನಾಲ್ಕೂ ಸರಿಯಾಗಿ ಉರಿಯುತ್ತಿದ್ದವು, ಆದರೂ ಮುಂದಿನ ಬಲಗಡೆಯದನ್ನು ಬಿಚ್ಚಿ ಮತ್ತೆ ಹಾಕಿಸಿದರು. ಆ ದೀಪದ ಹಿಂದೆ, ಬ್ಯಾಟರಿಗೂ ಅದಕ್ಕೂ ನಡುವೆ, ಬೆಕ್ಕು ನುಗ್ಗುವಷ್ಟೂ ಜಾಗವಿರಲಿಲ್ಲ. ಗೆಣ್ಣುಗಳೆಲ್ಲ ತರಚಿ ಹೋದವು. ಆಸ್ಪತ್ರೆಯಲ್ಲಿ ನಾಯಿ ಕಚ್ಚಿತಾ ಮೇಡಂ ಎಂದು ಕೇಳಿದರು. ಎಂಟು ದಿನ, ಪೂರಾ ಎಂಟು ದಿನ, ನಾನು ಸ್ಟೀರಿಂಗ್ ಮುಟ್ಟಲಿಲ್ಲ. ನಾಲ್ಕನೇ ದಿನ ತಡೆಯಲಾರದೆ, ನಾನು ಮೆಕ್ಯಾನಿಕ್ ಆಗಲು ಬಂದಿಲ್ಲ ಎಂದು ಹೇಳಿಯೇಬಿಟ್ಟೆ.

ಅವರಿಗೆ ಸಿಟ್ಟು ಬರಲಿಲ್ಲ. ಲವಂಗ ಒಂದನ್ನು ಬಾಯಿಗೆ ಹಾಕಿಕೊಂಡು, “ಹಸು ನಿಮ್ಮತ್ರ ಬಾಯಿ ಬಿಟ್ಟು ಹೇಳುತ್ತಾ? ಇದೂ ಹಂಗೇ. ರೋಡಲ್ಲಿ ಕೆಟ್ಟು ನಿಂತ್ರೆ ಹಿಂದೆ ಬರೋ ಲಾರಿಯವನಿಗೆ ಹೇಳೋದು ಈ ನಾಲ್ಕೇ. ನಿಮ್ಮ ಮೆಕ್ಯಾನಿಕ್ಕು ಬರೋವರ್ಗೂ ಲಾರಿಯವನು ಕಾಯಲ್ಲ” ಅಂದರು. ಅದರಿಂದ ನನ್ನ ಸಿಟ್ಟು ಕಡಿಮೆಯೇನೂ ಆಗಲಿಲ್ಲ.

ಒಂಬತ್ತನೇ ದಿನ ಗಾಡಿ ಓಡಿಸಲು ಕೊಟ್ಟರು. ತಪ್ಪು ಮಾಡಿದರೆ ಬೈಯುವುದು ಅವರಿಗೆ ಗೊತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಕಾರು ನಿಲ್ಲಿಸಲು ಹೇಳಿ, ಕೆಳಗಿಳಿದು, ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ರಸ್ತೆಯಲ್ಲಿ ನಡೆಯಲು ಶುರುಮಾಡುತ್ತಿದ್ದರು. ನಾನು ಮೊದಲ ಗೇರಿನಲ್ಲಿ, ಅವರ ನಡಿಗೆಗೆ ಸರಿಯಾಗಿ, ಹಿಂದೆ ಹಿಂದೆ ಹೋಗಬೇಕು. ನಿಂತರೆ ನಿಲ್ಲಬೇಕು. ಕಾರು ಆಫ್ ಆದರೆ ತಿರುಗಿಯೂ ನೋಡದೆ ಮುಂದೆ ಹೋಗಿಬಿಡುತ್ತಿದ್ದರು. ಒಮ್ಮೆ ಹೀಗೆ ಮುಕ್ಕಾಲು ಕಿಲೋಮೀಟರು ನಡೆದು, ಟೀ ಅಂಗಡಿಯಲ್ಲಿ ಕೂತು, ನಾನು ತಲುಪುವ ಹೊತ್ತಿಗೆ ಬೈಟು ಟೀಯ ತಮ್ಮ ಅರ್ಧವನ್ನು ಕುಡಿದು ಮುಗಿಸಿದ್ದರು. ನನ್ನ ಅರ್ಧ ತಣ್ಣಗಾಗಿತ್ತು. ಹಾಲಿನ ಡೈರಿಗೆ ಹೋಗುತ್ತಿದ್ದ ನನ್ನ ರೈತರೆಲ್ಲ ಆ ಮೆರವಣಿಗೆ ನೋಡಿದರು.

ಅವರಿಗೆ ನಿಜವಾಗಿ ಸಿಟ್ಟು ಬರುತ್ತಿದ್ದದ್ದು ಒಂದೇ ವಿಷಯಕ್ಕೆ. ನಮ್ಮ ಕಡೆ ಜನ ವೃತ್ತದಲ್ಲಿ ನೇರ ಹೋಗುವುದಿದ್ದರೆ ನಾಲ್ಕೂ ಇಂಡಿಕೇಟರ್ ಹಾಕುತ್ತಾರೆ. ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ, ಆದ್ದರಿಂದ ಎರಡೂ ಎಂಬ ಲೆಕ್ಕ. ಮೇಷ್ಟ್ರು ಟೀ ಅಂಗಡಿಯಲ್ಲಿ ಕೂತು ಅಂಥವರಿಗಾಗಿ ಕಾಯುತ್ತಿದ್ದರು ಎಂದೇ ಹೇಳಬೇಕು. ಗಾಡಿ ನಿಲ್ಲಿಸಿ ಟೀಗೆ ಇಳಿದ ಲಾರಿ ಡ್ರೈವರು ಲೋಟ ಬಾಯಿಗಿಡುವ ಮೊದಲೇ ಇವರು ಪಕ್ಕದಲ್ಲಿರುತ್ತಿದ್ದರು. ನೇರ ಹೋಗುವವನು ಯಾರಿಗೂ ಏನನ್ನೂ ಹೇಳಬೇಕಾಗಿಲ್ಲ, ನಾಲ್ಕೂ ಹಾಕಿದರೆ ನಾನು ಓಡುವ ಸ್ಥಿತಿಯಲ್ಲಿಲ್ಲ ಅಂತ ಅರ್ಥ, ಓಡುತ್ತಿರುವ ಗಾಡಿಗೆ ಅದನ್ನು ಹಾಕುವುದು ಸುಳ್ಳು ಹೇಳಿದಂತೆ, ಹೀಗೆ ಅವನ ಟೀ ಆರುವವರೆಗೂ ಹೇಳುತ್ತಿದ್ದರು. ಕೆಲವರು ತಲೆಯಾಡಿಸಿದರು, ಕೆಲವರು ಬೈದರು. ಕಾರಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದ ನನ್ನ ಕಡೆಗೆ ಎಲ್ಲರೂ ಕನಿಕರದಿಂದ ನೋಡಿದರು.

ಮದುವೆ ಕಾರಿನದು ಇನ್ನೊಂದು. ಆವತಿ ದಾಟಿ ದೇವನಹಳ್ಳಿ ಕಡೆ ಹೋಗುತ್ತಿದ್ದೆವು. ಮುಂದೆ ಹೂವಿನಲ್ಲಿ ಮುಚ್ಚಿದ ಗಂಡಿನ ಕಾರು ಬಲಕ್ಕೆ ತಿರುಗಲು ನಿಧಾನಿಸಿತು. ಹಿಂದಿನ ಇಂಡಿಕೇಟರ್ ಉರಿಯಲಿಲ್ಲವಲ್ಲ ಎಂದು ನಾನು ಸುಮ್ಮನೆ ಬಾಯಿ ತಪ್ಪಿ ಅಂದೆ. ಅಂದದ್ದೇ ತಪ್ಪು. ಹಾರ್ನ್ ಮಾಡಿಸಿ ಆ ಕಾರನ್ನು ನಿಲ್ಲಿಸಿಬಿಟ್ಟರು. ಡ್ರೈವರು ಇವರ ಹಳೇ ಶಿಷ್ಯ. ಮೇಷ್ಟ್ರನ್ನು ಕಂಡ ಕೂಡಲೇ ಇಳಿದು ಕೈಕಟ್ಟಿ ನಿಂತ. ಒಳಗಿನಿಂದ ಗಂಡಿನ ಸೋದರಮಾವ, ಮುಹೂರ್ತಕ್ಕೆ ಇಪ್ಪತ್ತು ನಿಮಿಷವಿದೆ ಎಂದು ಕೂಗಾಡತೊಡಗಿದರು. ಮೇಷ್ಟ್ರು ಡಿಕ್ಕಿ ತೆಗೆಸಿ, ತಾಂಬೂಲದ ಚೀಲಗಳನ್ನು ಒಂದೊಂದಾಗಿ ನನ್ನ ಕೈಗೆ ಕೊಟ್ಟು, ಸಂದಿಯೊಳಗೆ ಕೈ ಹಾಕಿದರು. ಅವರು ಒಳಗೆ ನೋಡಲೇ ಇಲ್ಲ. ಮುಖ ರಸ್ತೆಯ ಕಡೆಗಿತ್ತು, ಸೋದರಮಾವನ ಬೈಗುಳ ಕೇಳುತ್ತ ನಿಂತವರಂತೆ. ಬೆರಳುಗಳು ತಮ್ಮಷ್ಟಕ್ಕೆ ಹೋಲ್ಡರು ಹುಡುಕಿ, ತಿರುಗಿಸಿ, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದವು. ಮೂರು ನಿಮಿಷ ಆಗಿರಬಹುದು. ಆಮೇಲೆ ನನ್ನ ಕಡೆ ತಿರುಗಿ, ಉರೀತಾ ಎಂದು ಕೇಳಿದರು. ಉರೀತು ಅಂದೆ. ಗಂಡು ಕಿಟಕಿಯಿಂದ ಕೈ ಮುಗಿದ. ನಾನು ಆ ಹೊತ್ತಿನಲ್ಲಿ, ಎಂಥ ಕೈಚಳಕ ಅಂದುಕೊಂಡೆ. ಅಷ್ಟೇ ಅಂದುಕೊಂಡೆ. ದಿನಕ್ಕೆ ಇಪ್ಪತ್ತು ಪ್ರಾಣಿಗಳ ಕಣ್ಣು ನೋಡುವವಳು ನಾನು.

ಇಪ್ಪತ್ತೆರಡನೇ ದಿನ ಗೊತ್ತಾಯಿತು. ದೊಡ್ಡಬೆಳವಂಗಲದ ರಸ್ತೆಯಲ್ಲಿ ಹೋಗುತ್ತಿದ್ದೆ, ಮೂರನೇ ಗೇರು. ಎಡಗಡೆಯ ಹೊಲದಿಂದ ಒಬ್ಬ ಮುದುಕಿಯ ಏಳೆಂಟು ಆಡುಗಳು ರಸ್ತೆಗೆ ನುಗ್ಗಿದವು. ನಾನು ಕಲಿಯುವವಳು, ಮೇಷ್ಟ್ರು ತುಳಿಯುತ್ತಾರೆ ಎಂದು ಒಂದು ಕ್ಷಣ ಕಾದೆ. ಅವರ ಕಾಲು ಅಲ್ಲಾಡಲಿಲ್ಲ. ನಾನೇ ಬ್ರೇಕು ಒತ್ತಿದೆ. ಕಾರು ಕಿರುಚಿ ನಿಂತಿತು. ಮುಂದಿನ ಆಡು ಅವರ ಕಿಟಕಿಯ ಪಕ್ಕದಲ್ಲೇ, ಮೊಳದ ದೂರದಲ್ಲಿ ನಿಂತು ಅವರನ್ನು ನೋಡುತ್ತಿತ್ತು.

“ಯಾಕೆ ನಿಲ್ಸಿದ್ರಿ?” ಅಂದರು ಮೇಷ್ಟ್ರು.

ಆಡುಗಳು ದಾಟಿ ಹೋದವು. ನಾನು ಟೀ ಅಂಗಡಿಯವರೆಗೆ ಓಡಿಸಿದೆ. ಅಲ್ಲಿ ಬೆಂಚಿನ ಮೇಲೆ ಅವರ ಎಡಗಡೆ ಕೂತೆ. ಹಸುವಿಗೆ ಕಣ್ಣು ಕಾಣುತ್ತದೋ ಇಲ್ಲವೋ ನೋಡಲು ನಾವು ಒಂದು ಕೆಲಸ ಮಾಡುತ್ತೇವೆ: ಗಾಳಿ ತಾಗದ ಹಾಗೆ ಅಂಗೈಯನ್ನು ಪಕ್ಕದಿಂದ ಕಣ್ಣಿನ ಹತ್ತಿರಕ್ಕೆ ತರುತ್ತೇವೆ. ಕಾಣುವ ಕಣ್ಣು ರೆಪ್ಪೆ ಬಡಿಯುತ್ತದೆ. ಮೇಷ್ಟ್ರು ಟೀ ಊದುತ್ತಿದ್ದಾಗ ಹಾಗೆ ಮಾಡಿದೆ. ರೆಪ್ಪೆ ಬಡಿಯಲಿಲ್ಲ. ಇನ್ನೊಮ್ಮೆ ಮಾಡಿದೆ. ಇಲ್ಲ. ಇಷ್ಟು ದಿನ ಬೆಳಿಗ್ಗೆ ಬೆಳಿಗ್ಗೆ ನನ್ನನ್ನು ಕಾರಿನ ಸುತ್ತ ಓಡಿಸಿ ನಾಲ್ಕೂ ಉರೀತಾ ಎಂದು ಕೇಳುತ್ತಿದ್ದದ್ದು ಪಾಠಕ್ಕಾಗಿ ಮಾತ್ರವಲ್ಲ. ಅವರಿಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ನಿಮಗೆ ಎಡಗಣ್ಣು ಕಾಣುವುದಿಲ್ಲ ಅಂದೆ.

ಮೇಷ್ಟ್ರು ಲೋಟ ಕೆಳಗಿಟ್ಟರು. “ನೀವು ದನದ ಡಾಕ್ಟ್ರು.”

“ಹೌದು. ದನಕ್ಕಾದ್ರೆ ಹೇಳ್ಕೊಳ್ಳೋಕೆ ಬರಲ್ಲ. ನಿಮಗೆ ಬರುತ್ತಲ್ಲ.”

ಆಮೇಲೆ ತಾವೇ ಹೇಳಿದರು. ಕಣ್ಣಿನ ಪ್ರೆಶರ್ ಅಂತೆ. ಬೆಂಗಳೂರಿನ ಡಾಕ್ಟರು ಎರಡು ವರ್ಷದ ಹಿಂದೆಯೇ ಹೇಳಿದ್ದರು. ಹೋದ ನೋಟ ವಾಪಸು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ದಿನಕ್ಕೆರಡು ಸಲ ಹನಿ ಬಿಟ್ಟುಕೊಳ್ಳಬೇಕು. ಬಲಗಣ್ಣಿನಲ್ಲಿ ಮುಂದಿನದು ಕಾಣುತ್ತದೆ, ಪಕ್ಕದ್ದಿಲ್ಲ. ಆದರೆ ಕಲಿಸುವುದಕ್ಕೆ ಕಣ್ಣು ಬೇಕಾಗಿಲ್ಲ ಎಂದು ವಾದ ಹೂಡಿದರು. ಕಲಿಯುವವರ ಉಸಿರು ಕೇಳಿದರೆ ಸಾಕು, ಯಾವಾಗ ತುಳಿಯಬೇಕು ಅಂತ ಕಾಲಿಗೆ ತಿಳಿಯುತ್ತದೆ. ಇಂಡಿಕೇಟರ್ ಟಿಕ್ ಟಿಕ್ ಅವಸರದಲ್ಲಿ ಬಡಿದರೆ ಆ ಕಡೆಯ ಒಂದು ಬಲ್ಬು ಹೋಗಿದೆ ಅಂತ ಕಿವಿಗೆ ತಿಳಿಯುತ್ತದೆ. ಮೂವತ್ತು ವರ್ಷ ಓಡಿಸಿದ ಕಾಲು ಡಾಕ್ಟ್ರಮ್ಮ, ಅಂದರು. ಆಡು ಬಂದದ್ದು ಕಾಲಿಗೆ ತಿಳಿಯಲಿಲ್ಲವಲ್ಲ ಎಂದು ಕೇಳಿದೆ. ನಿಮ್ಮ ಮೂವತ್ತು ದಿನ ಮುಗಿಯಲಿ, ಆಮೇಲೆ ನಿಲ್ಲಿಸುತ್ತೇನೆ ಅಂದರು.

ನಾನು ಒಪ್ಪಿದೆ. ಈಗ ಯೋಚಿಸಿದರೆ, ಅರ್ಧ ಒಪ್ಪಿದ್ದು ನನಗೂ ಲೈಸೆನ್ಸ್ ಬೇಕಾಗಿದ್ದರಿಂದ. ಉಳಿದ ಎಂಟು ದಿನ ನನ್ನ ಕಣ್ಣು, ಅವರ ಕಣ್ಣು ಎರಡೂ ನಾನೇ ಆಗಿ ಓಡಿಸಿದೆ. ಟೆಸ್ಟಿನಲ್ಲಿ ಪಾಸಾದೆ. ಮೇಷ್ಟ್ರು ಶಹಬ್ಬಾಸ್ ಎನ್ನಲಿಲ್ಲ. ನನ್ನ ಕಾರಿನ ಹತ್ತಿರ ಬಂದು, ನಾಲ್ಕೂ ಹಾಕಿ ನೋಡಿದ್ರಾ ಎಂದು ಕೇಳಿ ಹೊರಟುಹೋದರು.

ಅವರು ನಿಲ್ಲಿಸಲಿಲ್ಲ. ಎರಡು ವಾರದ ಮೇಲೆ ಆಸ್ಪತ್ರೆಗೆ ಹೋಗುವಾಗ ನನ್ನ ಮುಂದೆಯೇ ಅವರ ಕಾರು ಹೋಗುತ್ತಿತ್ತು. ಸ್ಟೀರಿಂಗಿನಲ್ಲಿ ಯಾರೋ ಹೊಸ ಹೆಂಗಸು. ಎಡಗಡೆ ಬೂದು ಸ್ವೆಟರು. ಚುರುಚುರು ಬಿಸಿಲಿನಲ್ಲಿ, ಓಡುತ್ತಿದ್ದ ಆ ಕಾರಿನ ಹಿಂದೆ ಎರಡೂ ಹಳದಿ ದೀಪಗಳು ಮಿನುಗುತ್ತಿದ್ದವು. ಒಂದು ಊರು ದಾಟಿದರೂ ಆರಲಿಲ್ಲ. ಅವರೇ ಹಾಕಿಸಿದ್ದರು. ಓಡುವ ಗಾಡಿಗೆ ಅದನ್ನು ಹಾಕುವವರನ್ನು ಟೀ ಕುಡಿಯಲು ಬಿಡದಿದ್ದ ಮನುಷ್ಯ. ಅಂದರೆ ನಾನು ಹೇಳಿದ್ದು ಅವರಿಗೆ ಮುಟ್ಟಿತ್ತು. ಅದಕ್ಕೆ ಅವರು ಕಂಡುಕೊಂಡ ಪರಿಹಾರ ಇದು. ಆ ಕಾರನ್ನು ದಾಟಿ ಅಡ್ಡ ನಿಲ್ಲಿಸಿ ಜಗಳವಾಡಬೇಕೆನಿಸಿತು. ಎಲ್ಲೋ ಕರು ಹಾಕಲಾರದೆ ಒದ್ದಾಡುತ್ತಿದ್ದ ಎಮ್ಮೆಗೆ ನಾನು ಹೋಗಬೇಕಿತ್ತು. ಹೋದೆ. ಇನ್ನೊಂದು ದಿನ ನೋಡೋಣ ಅಂದುಕೊಂಡೆ. ಆ ಇನ್ನೊಂದು ದಿನ ಮೂರು ವಾರ ಬರಲಿಲ್ಲ.

ಬಂದದ್ದು ಹಾಲಿನ ಡೈರಿಯಲ್ಲಿ ಕೇಳಿದ ಸುದ್ದಿ. ಸೈಕಲ್ಲಿನಲ್ಲಿ ಕ್ಯಾನು ಕಟ್ಟಿಕೊಂಡು ಮನೆಮನೆಗೆ ಹಾಲು ಹಾಕುವ ಒಬ್ಬರನ್ನು ಮೇಷ್ಟ್ರ ಕಾರು ಎಡಗಡೆಯಿಂದ ಸವರಿಕೊಂಡು ಹೋಗಿತ್ತು. ಕಲಿಯುತ್ತಿದ್ದಾಕೆ ಗಾಬರಿಯಲ್ಲಿ ಎಡಕ್ಕೆ ಎಳೆದಿದ್ದರು, ಮೇಷ್ಟ್ರು ತುಳಿಯಲಿಲ್ಲ. ಹಾಲಿನವರ ಮಣಿಕಟ್ಟು ಮುರಿದಿತ್ತು. ಮೇಷ್ಟ್ರೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸಂಜೆಯವರೆಗೂ ಪಕ್ಕದಲ್ಲೇ ಕೂತಿದ್ದರಂತೆ. ಡೈರಿಯವರೆಲ್ಲ ಅದನ್ನು ಹೊಗಳುತ್ತಿದ್ದರು. ಕಾರಣ ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ.

ಆ ಮಧ್ಯಾಹ್ನವೇ ಕೂತು ಸಾರಿಗೆ ಕಚೇರಿಗೆ ಒಂದು ಅರ್ಜಿ ಬರೆದೆ. ಇವರಿಗೆ ದೃಷ್ಟಿ ಇಲ್ಲ, ಇವರು ಕಲಿಸುವುದರಿಂದ ಕಲಿಯುವವರಿಗೂ ರಸ್ತೆಯಲ್ಲಿರುವವರಿಗೂ ಅಪಾಯವಿದೆ, ಪರೀಕ್ಷೆ ಮಾಡಿಸಬೇಕು ಅಂತ. ಅವರಿಗೆ ತಿಳಿಸದೆ ಕಳಿಸಲು ಮನಸ್ಸು ಬರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಅದನ್ನು ಹಿಡಿದುಕೊಂಡು ಅವರ ಮನೆಗೆ ಹೋದೆ.

ಬಾಗಿಲಲ್ಲಿ ಸಿಕ್ಕಿದ್ದು ಅವರ ಹೆಂಡತಿ. ಮಗ್ಗದ ಸದ್ದಿನಲ್ಲಿ ನನ್ನ ಮಾತು ಕೇಳಲು ಕಿವಿ ಹತ್ತಿರ ತಂದರು. ನಾನು ಹೇಳುವ ಮೊದಲೇ ಅವರಿಗೆ ಎಲ್ಲ ಗೊತ್ತಿತ್ತು. ಎರಡು ವರ್ಷದಿಂದ ಬಲ್ಬುಗಳನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕುತ್ತಿದ್ದವರು, ಹನಿ ಬಿಡುತ್ತಿದ್ದವರು ಅವರೇ. ಮನೆಯಲ್ಲಿ ಕೂರಿಸಿದರೆ ಈ ಮನುಷ್ಯ ಉಳಿಯುವುದಿಲ್ಲ ಡಾಕ್ಟ್ರಮ್ಮ ಎಂದು ನನ್ನ ಕೈ ಹಿಡಿದುಕೊಂಡರು. ಆ ಕೈ ಬಿಡಿಸಿಕೊಳ್ಳುವುದು ಅರ್ಜಿ ಬರೆದದ್ದಕ್ಕಿಂತ ಕಷ್ಟವಾಯಿತು.

ಒಳಗಿನಿಂದ ಮೇಷ್ಟ್ರು ಬಂದರು. ಏನದು ಕಾಗದ ಅಂದರು. ಹೇಳಿದೆ. ಕೈ ಚಾಚಿದರು, ಕೊಟ್ಟೆ. ಬಲಗಣ್ಣಿನ ಮುಂದೆ ಒಂದೆರಡು ಸಲ ಹಿಂದೆ ಮುಂದೆ ಮಾಡಿ, ನನಗೇ ವಾಪಸು ಕೊಟ್ಟರು. ಆಮೇಲೆ ಹೆಂಡತಿಗೆ, “ಮಗ್ಗ ನಿಲ್ಸು. ಡಾಕ್ಟ್ರಮ್ಮ ಓದ್ತಾರೆ” ಅಂದರು.

ಎರಡೂ ಮಗ್ಗ ನಿಂತವು. ಅಕ್ಕಪಕ್ಕದ ಮನೆಗಳ ಸದ್ದು ಇದ್ದೇ ಇತ್ತು, ಆದರೂ ಆ ಕೋಣೆ ಒಮ್ಮೆಲೆ ಖಾಲಿಯಾದಂತೆ ಅನಿಸಿತು. ಅವರ ಮೇಲಿನ ದೂರನ್ನು ಅವರ ಎದುರಿಗೇ ನಿಂತು ಓದಿದೆ. ಹೆಸರು, ವಿಳಾಸ, ಅವರು ಮಾಡಿದ್ದು, ನಾನು ಕಂಡದ್ದು. ನಾನು ನಿಂತಲ್ಲೆಲ್ಲ ಅವರು ಕಾದರು. ಅವಸರಪಡಿಸಲಿಲ್ಲ. ಸ್ಟೀರಿಂಗ್ ಹಿಡಿದು ತಡವರಿಸುವಾಗ ಕಾಯುತ್ತಿದ್ದ ಹಾಗೆಯೇ ಕಾದರು. ಒಂದು ಕಡೆ ಮಾತ್ರ ತಡೆದರು.

“ಬಲಗಣ್ಣು ಅರ್ಧ ಅಂತ ಬರ್ದಿದ್ದೀರ. ಅರ್ಧ ಇಲ್ಲ. ಕಾಲು ಅಂತ ಹಾಕಿ.”

ಅಲ್ಲೇ ಹೊಡೆದು ಕಾಲು ಎಂದು ತಿದ್ದಿದೆ. ಪೆನ್ನು ಕೇಳಿದರು. ಎಲ್ಲಿ ಎಂದು ಕೇಳಿ, ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ, ನನ್ನ ಸಹಿಯ ಕೆಳಗೆ ತಮ್ಮ ಸಹಿ ಹಾಕಿದರು. ಇದೆಲ್ಲ ನಿಜ, ಸ್ಕೂಲು ಇವತ್ತಿಂದ ಇಲ್ಲ ಅಂತ ಅದರ ಮೇಲೆ ನನ್ನಿಂದಲೇ ಒಂದು ಸಾಲು ಬರೆಸಿದರು. ಆಮೇಲೆ ಹೊರಗೆ ಹೋಗಿ, ಸ್ಟೂಲು ಹಾಕಿಕೊಂಡು, ಬೋರ್ಡನ್ನು ಎರಡು ಕೈಯಲ್ಲಿ ಎತ್ತಿ ಕೆಳಗಿಳಿಸಿದರು. ಹಿಡಿದುಕೊಳ್ಳಲು ಹೋದ ನನ್ನನ್ನು ಮುಟ್ಟಬೇಡಿ ಅಂದರು. ಅವರು ನನ್ನ ಜೊತೆ ಆಡಿದ ಕೊನೆಯ ಮಾತು ಅದು.

ಹೆಂಡತಿ ಹೆದರಿದಂತೆ ಆಗಲಿಲ್ಲ. ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಬೀದಿಯವರ ಆಟೋ, ಟೆಂಪೋ, ಸೀರೆ ಸಾಗಿಸುವ ವ್ಯಾನುಗಳಿಗೆ ಬಲ್ಬು ಹಾಕಿಕೊಡುತ್ತ ಕೂತರು. ಬೆರಳಿನಲ್ಲೇ ಕೆಲಸ. ಹಾಕಿ, ಗಾಡಿಯವರನ್ನೇ ಉರೀತಾ ಎಂದು ಕೇಳುತ್ತಿದ್ದರು. ಊರಿಗೆಲ್ಲ ಹಾಕಿಕೊಟ್ಟರು, ನನ್ನೊಬ್ಬಳನ್ನು ಬಿಟ್ಟು. ಒಮ್ಮೆ ಬೇಕೆಂದೇ ನಮ್ಮ ಯಜಮಾನರ ಕೈಯಲ್ಲಿ ಕಾರು ಕಳಿಸಿದೆ. ಮೇಷ್ಟ್ರು ಹಿಂದಿನ ಬಂಪರ್ ಸವರಿ, ಯಜಮಾನರು ಕಲಿಸುವಾಗ ನಾನು ಕಂಬಕ್ಕೆ ಗುದ್ದಿದ, ತಮಗೂ ಗೊತ್ತಿದ್ದ ತಗ್ಗು ಕೈಗೆ ಸಿಕ್ಕ ಕೂಡಲೇ ಕುರ್ಚಿಗೆ ಮರಳಿದರಂತೆ. “ಅವರಿಗೆ ಕಲ್ಸಿದ್ದೀನಿ. ಅವರೇ ಹಾಕ್ಕೊಳ್ಳಲಿ” ಎಂದು ಹೇಳಿ ಕಳಿಸಿದರು. ಇದನ್ನು ಬೈಗುಳ ಎಂದುಕೊಳ್ಳಬೇಕೋ ಮೆಚ್ಚುಗೆ ಎಂದುಕೊಳ್ಳಬೇಕೋ ತಿಳಿಯದೆ ನಾನು ಗೆಣ್ಣು ತರಚಿಕೊಂಡು ನಾನೇ ಹಾಕಿಕೊಂಡೆ.

ಹೋದ ವರ್ಷ ಗಂಡ ಹೆಂಡತಿ ಒಂದು ಆಡನ್ನು ಹಿಡಿದುಕೊಂಡು, ಆಟೋ ಮಾಡಿಕೊಂಡು ನನ್ನ ಆಸ್ಪತ್ರೆಗೇ ಬಂದರು. ಹೊಟ್ಟೆ ಉಬ್ಬರಿಸಿಕೊಂಡಿತ್ತು. ಆ ಹೊತ್ತಿಗೆ ಮೇಷ್ಟ್ರಿಗೆ ಎರಡೂ ಕಣ್ಣು ಹೋಗಿತ್ತು. ಆಡಿನ ಕೊಂಬು ಹಿಡಿದು ನಿಂತು, ರಾತ್ರಿ ಅಕ್ಕಿ ತಿಂದಿದೆ ಅಂತ ಡಾಕ್ಟ್ರಿಗೆ ಹೇಳು ಎಂದು ಹೆಂಡತಿಗೆ ಹೇಳಿದರು. ನಾನು ಎರಡಡಿ ದೂರದಲ್ಲಿದ್ದೆ. ಎಷ್ಟು ಅಕ್ಕಿ ಎಂದು ಕೇಳಿದೆ. ಒಂದು ಪಾವು ಅಂತ ಹೇಳು ಅಂದರು. ಆಕೆ ನನ್ನನ್ನು ನೋಡಿ ಹಣೆ ಚಚ್ಚಿಕೊಂಡರು. ಹೀಗೆ ಇಡೀ ಚಿಕಿತ್ಸೆ ಆಕೆಯ ಮೂಲಕ ನಡೆಯಿತು. ಆಡು ಬದುಕಿತು. ನನಗೆ ಮಾತ್ರ ಆ ಇಡೀ ದಿನ ಯಾರ ಮೇಲೂ ಸಹನೆ ಉಳಿಯಲಿಲ್ಲ.

ಮೇಷ್ಟ್ರು ತೀರಿಕೊಂಡು ಹನ್ನೊಂದು ದಿನ ಕಳೆದ ಮೇಲೆ ಅವರ ಮನೆಗೆ ಹೋದೆ. ಕರೆಂಟು ಹೋಗಿತ್ತು, ಬೀದಿಯ ಮಗ್ಗಗಳೆಲ್ಲ ಸುಮ್ಮನಿದ್ದವು. ಹೆಂಡತಿ ಒಬ್ಬರೇ ಕೂತು ನೂಲಿನ ಗಂಟು ಬಿಡಿಸುತ್ತಿದ್ದರು. ನನ್ನನ್ನು ನೋಡಿ ಎದ್ದು ಕಾಫಿ ಮಾಡಿ ತಂದರು. ಹೇಗೆ ಹೋದರು ಎಂದು ಕೇಳಿದೆ, ನಿದ್ದೆಯಲ್ಲೇ ಅಂದರು. ಅದೂ ಇದೂ ಮಾತಾಡಿದೆವು. ಎದ್ದು ಹೊರಡುವ ಮೊದಲು ಕೇಳದೆ ಇರಲಾಗಲಿಲ್ಲ. ನನ್ನ ಮೇಲಿನ ಕೋಪ ಕೊನೆಗಾದರೂ ಇಳಿದಿತ್ತಾ ಅಂದೆ.

“ಇಳೀಲಿಲ್ಲ ಡಾಕ್ಟ್ರಮ್ಮ, ಸುಳ್ಳು ಯಾಕೆ ಹೇಳ್ಲಿ. ನಿಮ್ಮ ಹೆಸರೆತ್ತಿದ್ರೆ ಎದ್ದು ಹಿತ್ಲಿಗೆ ಹೋಗೋರು.” ಅವರು ಗಂಟಿನ ಮೇಲಿಂದ ಕಣ್ಣೆತ್ತಲಿಲ್ಲ. “ಆದ್ರೆ ಆ ಹಾಲಿನವರು ಬಂದು ಹೋದಾಗೆಲ್ಲ ಒಂದು ಮಾತು ಹೇಳೋರು. ಡಾಕ್ಟ್ರಮ್ಮ ಇನ್ನೊಂದು ತಿಂಗಳು ಮುಂಚೆ ಬರೀಬೇಕಿತ್ತು ಅನ್ನೋರು.”

ಎಂಥ ಮನುಷ್ಯ. ಬರೆದದ್ದಕ್ಕೂ ಸಿಟ್ಟು, ತಡವಾಗಿ ಬರೆದದ್ದಕ್ಕೂ ಸಿಟ್ಟು. ಕಾಫಿ ಲೋಟ ಹಿಡಿದುಕೊಂಡು ಅಲ್ಲೇ ಕೂತೆ. ಎರಡರಲ್ಲಿ ಒಂದಾದರೂ ಅನ್ಯಾಯದ್ದಾಗಿದ್ದರೆ ಜಗಳವಾಡಬಹುದಿತ್ತು.